ಒಳಗೆಳೆದ ಹೌದು

ಸ್ಟೂರೆ ಹಮ್ಮರ್‌ಲುಂಡ್ ಎಂಬ ಹೆಸರಾಂತ ವೈದ್ಯ ನಿವೃತ್ತನಾಗುವ ವಸಂತದಲ್ಲಿ ಅವನ ಬಗ್ಗೆ ಎರಡು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ವೈದ್ಯಕೀಯ ವಿಭಾಗದ ಪತ್ರಿಕೆಗೆ ಬರೆಯುವವಳು. ಸಂಶೋಧಕರು ಹೇಳಿದ್ದನ್ನು ಮಾಮೂಲಿ ಜನ ಓದುವಂತೆ ಮಾಡುವುದು ನನ್ನ ಕೆಲಸ.

ಸಂಪಾದಕಿ ಬೋಡಿಲ್ ನನ್ನ ಮೇಜಿನ ಮೂಲೆಯಲ್ಲಿ ಕೂತು ಏಲಕ್ಕಿ ಬನ್ನನ್ನು ಮುರಿದು ಅರ್ಧ ನನ್ನ ಕಡೆ ತಳ್ಳಿದಳು.

"ಹೆನ್ನಿಂಗ್ ಅವನ ವಾರ್ಡಿನಲ್ಲೇ ಇದ್ದಿದ್ದು ಅಲ್ವಾ? ನನಗೆ ಗೊತ್ತು ಕಣೇ. ಬೇಡ ಅನ್ಸಿದ್ರೆ ಬೇಡ ಅನ್ನು, ಬೇರೆ ಯಾರಿಗಾದ್ರೂ ಕೊಡ್ತೀನಿ."

"ನಾನೇ ಬರೀತೀನಿ."

"ನಿಜವಾಗ್ಲೂ?"

"ಬನ್ ಒಣಗಿದೆ," ಎಂದೆ. ಅವಳು ಮತ್ತೆ ಕೇಳಲಿಲ್ಲ.

ಹೆನ್ನಿಂಗ್ ನನ್ನ ಗಂಡ. ಹಿಂದಿನ ಶರತ್ಕಾಲದಲ್ಲಿ ತೀರಿಕೊಂಡ. ಹೊಟ್ಟೆಯ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡು ಅಡ್ಡ ಮಲಗಿರುವ ಒಂದು ಗ್ರಂಥಿಯಿದೆ, ಮೇದೋಜೀರಕ. ಉಂಡದ್ದನ್ನು ಕರಗಿಸುವ ರಸ ಅಲ್ಲಿ ಹುಟ್ಟುತ್ತದೆ. ಕೆಲವರಲ್ಲಿ ಆ ರಸ ಹೊರಗೆ ಹರಿಯುವ ಮೊದಲೇ ಎಚ್ಚರಗೊಂಡು, ತಾನು ಹುಟ್ಟಿದ ಜಾಗವನ್ನೇ ಕರಗಿಸತೊಡಗುತ್ತದೆ. ಹೆನ್ನಿಂಗ್‌ಗೆ ಹಾಗಾಯಿತು. ಆ ದಿನಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನಾನು ಒಪ್ಪಿಕೊಂಡದ್ದು ನಮ್ಮ ಮಗಳು ಸಿಗ್ನೆಗಾಗಿ. ಚಳಿಗಾಲದಿಂದ ಅವಳು ಊಟವಾದ ಮೇಲೆ ಹೊಟ್ಟೆ ಒತ್ತಿ ಮಂಡಿ ಮಡಚಿಕೊಂಡು ಸೋಫಾದ ಮೂಲೆಯಲ್ಲಿ ಕೂರತೊಡಗಿದ್ದಳು. ಅವಳ ಅಪ್ಪ ಹಾಗೆಯೇ ಕೂರುತ್ತಿದ್ದ. ಇದು ವಂಶದಲ್ಲಿ ಬರುವ ರೋಗವೇ ಎಂದು ತಿಳಿಯಲು ರಕ್ತ ಪರೀಕ್ಷೆ ಮಾಡಿ ಎಂದು ಮಕ್ಕಳ ಡಾಕ್ಟರ್ ಸ್ಟೂರೆಯ ಚಿಕಿತ್ಸಾಲಯಕ್ಕೆ ಬರೆದಳು. ಅವರು ಒಪ್ಪಲಿಲ್ಲ. ಡಾಕ್ಟರ್ ನನಗೆ ಫೋನ್ ಮಾಡಿ ಹೇಳಿದಳು.

"ತಂದೆಯ ಕಾಯಿಲೆ ಕುಡಿತದಿಂದ ಬಂದಿದ್ದು, ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲ, ಪರೀಕ್ಷೆಗೆ ಕಾರಣವೇ ಇಲ್ಲ ಅಂತಾರೆ. ಸ್ಟೂರೆ ಕಡೆಯವರೇ ಹಾಗಂದ ಮೇಲೆ ನಾನೇನು ಮಾಡ್ಲಿ ಹೇಳು?"

"ಅವನು ಕುಡೀತಾನೇ ಇರ್ಲಿಲ್ಲ."

"ಹೂಂ," ಎಂದಳು. ಆ ಹೂಂ ನನಗೆ ವಾರ್ಡಿನಿಂದಲೇ ಪರಿಚಯ.

ಹೆನ್ನಿಂಗ್ ಸ್ವೀಡನ್ನಿನ ಉತ್ತರದವನು, ಒಳನಾಡಿನ ಕಾಡಿನವನು. ಅವರ ಮನೆಯವರೆಲ್ಲ ಪ್ರಾರ್ಥನಾ ಮಂದಿರದ ಜನ. ಊರೆಲ್ಲ ಕುಡಿಯುವ ಬೇಸಗೆಯ ನಡುಹಬ್ಬಕ್ಕೂ ಅವರ ಮೇಜಿನ ಮೇಲೆ ಹಣ್ಣಿನ ರಸ, ಕಾಫಿ, ಅಷ್ಟೇ. ನಾನು ದಕ್ಷಿಣದವಳು. ನಮ್ಮ ಮದುವೆಯಲ್ಲಿ ಅವನು ಕೆಂಪು ಹಣ್ಣಿನ ರಸದ ಲೋಟ ಎತ್ತಿದಾಗ ನನ್ನ ಸೋದರಮಾವ ಪಕ್ಕದ ಮೇಜಿಗೂ ಕೇಳಿಸುವ ಹಾಗೆ, "ಏನಪ್ಪಾ ಅಳಿಯ, ಕೆಮ್ಮಿನ ಔಷಧಿನಾ?" ಎಂದಿದ್ದ. ಹೆನ್ನಿಂಗ್ ನಕ್ಕು, "ಹೌದು, ನಿಂಗೂ ಒಂದ್ ಚಮಚ ಬೇಕಾ?" ಎಂದ.

ಆ ದಿನ ಅವನು ಹೌದು ಎಂದದ್ದು ನಮ್ಮ ರೀತಿಯಲ್ಲಿ, ನಮ್ಮ ಜನಕ್ಕೆ ಅರ್ಥವಾಗಲೆಂದು. ಅವನ ಊರಿನ ಹೌದು ಬೇರೆ. ಅದರಲ್ಲಿ ಶಬ್ದವಿಲ್ಲ. ತುಟಿ ಮುಂದೆ ಮಾಡಿ ಚುಟುಕಾಗಿ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ, ಬಿಸಿ ಕಾಫಿ ನಾಲಿಗೆಗೆ ತಾಗಿದವರ ಹಾಗೆ. ಮದುವೆಯಾಗೋಣವೇ ಎಂದು ನಾನೇ ಕೇಳಿದ್ದೆ. ಅವನು ಉಸಿರೆಳೆದುಕೊಂಡ. ಬೆಚ್ಚಿಬಿದ್ದ ಎಂದುಕೊಂಡೆ. ಮತ್ತೆ ಕೇಳಿದೆ. ಮತ್ತೆ ಉಸಿರೆಳೆದ. ನನ್ನ ಮುಖ ಬಾಡುವುದನ್ನು ನೋಡಿ ಗಾಬರಿಯಾಗಿ, "ಆಗ್ಲಿಂದ ಹೇಳ್ತಾನೇ ಇದೀನಲ್ಲ!" ಎಂದ.

ಸಿಗ್ನೆಗೂ ಅದು ಬಂದಿದೆ. ಶಿಶುವಿಹಾರದ ಟೀಚರ್‌ಗೆ ಅದು ಹಿಡಿಸುವುದಿಲ್ಲ. "ಬಾಯಿ ಬಿಟ್ಟು ಹೇಳು ಪುಟ್ಟಿ, ಮೀನಿನ ಥರ ಮಾಡ್ಬೇಡ," ಎನ್ನುತ್ತಾಳೆ.

ಸ್ಟೂರೆಯ ಕೋಣೆ ಮೇಲಿನ ಮಹಡಿಯಲ್ಲಿತ್ತು. ಕಿಟಕಿಯಿಂದ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಹೊಲಗಳೂ ಅವುಗಳಾಚೆ ಸಮುದ್ರವೂ ಕಾಣುತ್ತಿದ್ದವು. ನಾವೆಲ್ಲ ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದೆವು, ನೀನು ಎಂದೇ ಮಾತಾಡಿಸುತ್ತಿದ್ದೆವು. ಆದರೂ ಅವನೆದುರು ಯಾರೂ ಕುರ್ಚಿಗೆ ಒರಗಿ ಕೂರುತ್ತಿರಲಿಲ್ಲ.

"ಬಾ ಮಾಯ್ಕೆನ್, ಕೂತ್ಕೋ. ಕಾಫಿ? ದಿನಕ್ಕೆ ಎಷ್ಟು ಲೋಟ ಅಂತ ಕೇಳಲ್ಲ, ಹೆದರ್ಬೇಡ."

ಒಳ್ಳೆಯ ಮಾತುಗಾರ. ನಾನು ಹೆಚ್ಚು ಕೇಳಬೇಕಾಗಲಿಲ್ಲ.

"ನಾನು ಈ ಕೆಲಸಕ್ಕೆ ಬಂದಾಗ ಮೇದೋಜೀರಕ ಯಾರಿಗೂ ಬೇಡದ ಕೂಸು. ಹೃದಯಕ್ಕೆ ಜನ ಇದ್ರು, ಯಕೃತ್ತಿಗೆ ಜನ ಇದ್ರು. ಇದಕ್ಕೆ ಕೈ ಹಾಕಿದ್ರೆ ರೋಗಿ ಉಳೀತಿರ್ಲಿಲ್ಲ. ಅದಕ್ಕೇ ಹೊಟ್ಟೆ ಕೊಯ್ದು ನೋಡಿ, ಕಂಡೂ ಕಾಣದ ಹಾಗೆ ಮುಚ್ಚಿ ಹೊಲಿದುಬಿಡ್ತಿದ್ರು. ಆರು ತಿಂಗಳಾದ್ಮೇಲೆ ಅದೇ ಮನುಷ್ಯನ್ನ ಮತ್ತೆ ಕೊಯ್ಯೋರು. ಹಡಗುಕಟ್ಟೆಯ ಗಂಡಸರು. ಹೊಟ್ಟೆ ನೋಡಿದ್ರೆ ಹಳೇ ಗೋಣಿಚೀಲದ ಥರ, ತುಂಬಾ ಹೊಲಿಗೆ."

"ನೀನೇನು ಮಾಡಿದೆ?"

"ಕೇಳಿದೆ. ಅಷ್ಟೇ. ಎಷ್ಟು ಕುಡೀತೀಯಾ ಅಂತ. ಅದಕ್ಕೆ ಮುಂಚೆ ಯಾರೂ ಕೇಳ್ತಿರ್ಲಿಲ್ಲ, ಅದು ಅವಮಾನ ಅಂತ. ಆಮೇಲೆ ಹೆಂಡ್ತೀರನ್ನ ಬೇರೆ ಕೂರಿಸಿ ಕೇಳಿದೆ. ರಕ್ತಾನೂ ನೋಡಿದೆ. ಗಂಡಸರು ಹೇಳಿದ್ದು ಯಾವಾಗ್ಲೂ ಅರ್ಧ. ಅದಕ್ಕೇ ನನ್ನ ಹುಡುಗರಿಗೆ ಹೇಳ್ದೆ, ಕೇಳಿ, ಎರಡರಿಂದ ಗುಣಿಸಿ, ಆಮೇಲೆ ನಂಬಿ."

ಹಮ್ಮರ್‌ಲುಂಡನ ಪ್ರಶ್ನೆ ಎಂದು ಅದಕ್ಕೆ ಹೆಸರಾಯಿತು. ಪಠ್ಯಪುಸ್ತಕಗಳಲ್ಲಿ ಸೇರಿತು. ಬೇರೆ ದೇಶಗಳ ವೈದ್ಯರು ಬಂದು ಅವನ ಹಿಂದೆ ಮಂಚದಿಂದ ಮಂಚಕ್ಕೆ ನಡೆದರು. ವ್ಯರ್ಥವಾಗಿ ಹೊಟ್ಟೆ ಕೊಯ್ಯುವುದು ನಿಂತಿತು. ಕುಡಿತ ಬಿಟ್ಟವರು ಉಳಿದರು, ಮೊಮ್ಮಕ್ಕಳನ್ನು ಕಂಡರು. ಕ್ರಿಸ್ಮಸ್‌ಗೆ ಅವನಿಗೆ ಹೊಗೆಯಾಡಿಸಿದ ಮೀನು ಕಳಿಸುವ ಹಡಗುಕಟ್ಟೆಯ ಮುದುಕರು ಇನ್ನೂ ಇದ್ದರು. ಇದೆಲ್ಲ ನಿಜ. ನಾನು ಎಲ್ಲವನ್ನೂ ಬರೆದುಕೊಂಡೆ.

"ಪ್ರತಿ ವರ್ಷ ಒಬ್ಬ ಜಾಣ ಕೈ ಎತ್ತಿ ಕೇಳ್ತಾನೆ, ರೋಗಿ ಸೊನ್ನೆ ಅಂದ್ರೆ ಏನ್ ಮಾಡೋದು, ಸೊನ್ನೆಯನ್ನ ಎರಡರಿಂದ ಗುಣಿಸಿದ್ರೂ ಸೊನ್ನೇನೇ ಅಲ್ವಾ ಅಂತ. ನಾನು ಹೇಳ್ತೀನಿ: ಸೊನ್ನೆ ಕುಡಿಯೋ ಸ್ವೀಡನ್ನಿನ ಗಂಡಸು ಎಲ್ಲಾದ್ರೂ ಸಿಕ್ರೆ ಹಿಡ್ಕೊಂಡ್ ಬಾ, ಗಾಜಿನ ಪೆಟ್ಟಿಗೇಲಿ ಇಡೋಣ!"

ಅವನು ನಕ್ಕ. ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ. ಹೆನ್ನಿಂಗ್ ಈಗ ಪೆಟ್ಟಿಗೆಯಲ್ಲೇ ಇದ್ದಾನೆ. ಗಾಜಿನದಲ್ಲ.

"ಅಂಥವರ ದಾಖಲೆಯಲ್ಲಿ ಏನು ಬರೀತೀರಿ?"

"ನಿರಾಕರಿಸುತ್ತಾನೆ ಅಂತ."

"ಕುಡಿಯುವುದಿಲ್ಲ ಅಂತ ಅಲ್ಲ?"

"ಅವನು ಕುಡಿಯಲ್ಲ ಅನ್ನೋದು ನಮಗೆ ಹೇಗೆ ಗೊತ್ತು? ಅವನು ನಿರಾಕರಿಸಿದ್ದಷ್ಟೇ ಗೊತ್ತು."

ಆ ಒಂದು ಶಬ್ದ ಹೆನ್ನಿಂಗ್‌ನ ಮಂಚದ ಸುತ್ತ ಇದ್ದವರ ಮುಖಗಳನ್ನು ಬದಲಾಯಿಸಿತ್ತು. ನರ್ಸುಗಳು ನಗುನಗುತ್ತಲೇ ಮತ್ತೆ ಮತ್ತೆ ಕೇಳಿದರು. ಕುಡಿತ ಬಿಡಿಸುವ ಸಲಹೆಗಾರ್ತಿ ಬಂದು ಕೂತು, ಇಲ್ಲಿ ಯಾರೂ ನಿನ್ನನ್ನು ಬೈಯುವುದಿಲ್ಲ ಎಂದಳು. ಅವನು ನೋವಿಗೆ ಇನ್ನೊಂದು ಚುಚ್ಚುಮದ್ದು ಕೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸ್ವಲ್ಪ ಕಾಯೋಣ ಎಂದರು.

ಆ ವಾರದ ಕೊನೆಯಲ್ಲಿ ಉತ್ತರದಿಂದ ಅತ್ತೆ ಗುಡ್ರುನ್ ಫೋನ್ ಮಾಡಿದಳು. ಸಿಗ್ನೆಗೆಂದು ತೆಳುರೊಟ್ಟಿ ಕಳಿಸಿದ್ದೇನೆ, ಮುರಿಯದೆ ಬಂತೇ ಎಂದು ಕೇಳಲು. ಹುಡುಗಿಯ ಹೊಟ್ಟೆಯ ವಿಷಯ ಹೇಳಿದೆ. 

"ನಮ್ಮ ಮನಿಯವರ ಕಡೆ ಹೊಟ್ಟಿಬ್ಯಾನಿ ಅನ್ನೋದು ಒಂದ್ ಇತ್ತವ್ವಾ," ಎಂದಳು. "ಹೆನ್ನಿಂಗನ ಅಜ್ಜಗ ಇತ್ತು. ದೊಡ್ಡಪ್ಪಗ ಇತ್ತು, ಹರೇದಾಗ ಸತ್ತ. ಸಣ್ಣಾಂವ ಇದ್ದಾಗ ಹೆನ್ನಿಂಗನೂ ಹಿಂಗ ಮೂಲ್ಯಾಗ ಮುದ್ದಿಯಾಗಿ ಕುಂದರತಿದ್ದ. ಡಾಕ್ಟರಿಗೆ ಹೇಳಿಲ್ಲೇನ?"

"ಕೇಳಿದ್ರು. ಹೇಳ್ದ."

"ಹಂಗಾದ್ರ ಬರಕೊಂಡಿರತಾರ ಬಿಡು."

"ಬರಕೊಂಡಿಲ್ಲ."

"ಯಾಕ?"

 ನನಗೆ ಗೊತ್ತಿತ್ತು. ಮಕ್ಕಳ ಡಾಕ್ಟರು ಫೋನಿನಲ್ಲಿ 'ಬೇರೆ ಯಾರಿಗೂ ಇಲ್ಲ' ಎಂದ ಗಳಿಗೆಯಲ್ಲೇ ಗೊತ್ತಾಗಿತ್ತು. ನಾನು ಮಂಚದ ಪಕ್ಕದಲ್ಲಿದ್ದೆ. ಸ್ಟೂರೆ ಬಾಗಿ, ಮೃದುವಾಗಿಯೇ ಕೇಳಿದ: ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಹೊಟ್ಟೆಯ ತೊಂದರೆ ಇತ್ತೇ? ಹೆನ್ನಿಂಗ್ ತುಟಿ ಮುಂದೆ ಮಾಡಿ ಉಸಿರೆಳೆದುಕೊಂಡ. ಸ್ಟೂರೆ ಅವನ ಭುಜದ ಮೇಲೆ ಕೈಯಿಟ್ಟು, "ತುಂಬಾ ನೋವಿದೆ ಅಲ್ವಾ, ಇರ್ಲಿ, ಇನ್ನು ಕೇಳಲ್ಲ," ಎಂದು ಮುಂದಿನ ಮಂಚಕ್ಕೆ ಹೋದ. ನಾನು ಆ ಹೌದನ್ನು ಕೇಳಿದ್ದೆ. ಎಲ್ಲರಿಗೂ ಕೇಳಿಸಿತು ಎಂದುಕೊಂಡಿದ್ದೆ.

ಎರಡನೆಯ ಸಲ ಹೋದಾಗ ಅವನ ಪುಸ್ತಕಗಳು ಅರ್ಧ ಪೆಟ್ಟಿಗೆ ಸೇರಿದ್ದವು. ನಾನು ಪೆನ್ನು ತೆಗೆಯಲಿಲ್ಲ.

"ನನ್ನ ಗಂಡ ನಿನ್ನ ರೋಗಿ ಆಗಿದ್ದ," ಎಂದು ಹೆಸರು ಹೇಳಿದೆ.

ಅವನು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. "ನೆನಪಾಗ್ತಿಲ್ಲ. ಕ್ಷಮಿಸು. ಸುಳ್ಳು ಹೇಳೋಕೆ ಇಷ್ಟ ಇಲ್ಲ."

"ಮನೆಯಲ್ಲಿ ಬೇರೆ ಯಾರಿಗಾದ್ರೂ ಇತ್ತಾ ಅಂತ ನೀನು ಕೇಳಿದೆ. ಅವನು ಹೀಗೆ ಮಾಡಿದ." ನಾನು ಉಸಿರೆಳೆದು ತೋರಿಸಿದೆ.

"ನೋವು," ಎಂದ ಅವನು ತಕ್ಷಣ.

"ಅಲ್ಲ. ಅವನು ಹೌದು ಅಂದ. ಅವನು ಉತ್ತರದವನು."

ಸ್ಟೂರೆ ತಾನೂ ತುಟಿ ಮುಂದೆ ಮಾಡಿದ. ಉಸಿರೆಳೆಯಲಿಲ್ಲ, ಬಿಟ್ಟುಬಿಟ್ಟ.

"ನಾನದನ್ನ ಕೇಳಿದೀನಿ," ಎಂದ. "ರೈಲಿನಲ್ಲಿ, ಅಂಗಡೀಲಿ. ಇವತ್ತು ಚಳಿ ಅಲ್ವಾ ಅಂದ್ರೆ ಹಾಗೆ ಮಾಡ್ತಾರೆ. ಆದ್ರೆ ಈ ವಾರ್ಡಿನ ಮಂಚದ ಮೇಲೆ ಮಲಗಿದೋನು ಉಸಿರೆಳೆದ್ರೆ ಅದು ನೋವು. ನನ್ನ ಜೀವಮಾನವೆಲ್ಲ ಅದು ನೋವೇ ಆಗಿತ್ತು."

ಅವನು ಎದ್ದು ಕಿಟಕಿಯ ಬಳಿ ಹೋಗಿ ನಿಂತ.

"ಉತ್ತರದಿಂದ ವಿಮಾನದಲ್ಲಿ ಕಳಿಸ್ತಿದ್ರು," ಎಂದ ಗಾಜಿಗೆ. "ವರ್ಷಗಟ್ಟಲೆ. ಅಲ್ಲಿ ಆಗದವರನ್ನೆಲ್ಲ ನನ್ನ ಹತ್ರ..."

ಮಾತು ಮುಗಿಸಲಿಲ್ಲ. ನಾನೂ ಮುಗಿಸಿಕೊಡಲಿಲ್ಲ.

"ತಿದ್ದು," ಎಂದೆ.

"ದಾಖಲೇಲಿ ಬರೆದಿದ್ದನ್ನ ಅಳಿಸೋ ಹಾಗಿಲ್ಲ. ಕೆಳಗೆ ಟಿಪ್ಪಣಿ ಸೇರಿಸಬಹುದು."

"ಸೇರಿಸು."

"ಒಂದು ಸೊನ್ನೆ ನಿಜ ಅಂತ ಬರೆದ್ರೆ ಉಳಿದ ಸೊನ್ನೆಗಳನ್ನ ಏನು ಮಾಡ್ಲಿ ಮಾಯ್ಕೆನ್? ಅವರನ್ನೆಲ್ಲ ಕುಡುಕರ ಸಾಲಿಗೆ ಸೇರಿಸಿದೀನಿ. ನಾನು ಬರೆದಿದ್ದೆಲ್ಲ ಆ ಸಾಲಿನ ಮೇಲೆ ನಿಂತಿದೆ. ನನ್ನ ಮೇಲೆ ನಂಬಿಕೆ ಇಟ್ಟು ಬೇರೆಯವರು ಬರೆದಿದ್ದೂ."

"ಆ ಸಾಲು ನಿನ್ನ ಹತ್ರಾನೇ ಇರ್ಲಿ. ನನಗೆ ಮಗಳ ಪರೀಕ್ಷೆ ಬೇಕು."

ಅವನ ಭುಜಗಳು ಇಳಿದವು. ಅದು ನೆಮ್ಮದಿ ಎಂದು ನನಗೆ ಹಿಂದಿನಿಂದಲೇ ತಿಳಿಯಿತು. ಅವನು ಬಂದು ಕಂಪ್ಯೂಟರಿನ ಮುಂದೆ ಕೂತು ಸಿಗ್ನೆಯ ಹೆಸರು ಕೇಳಿ ಬರೆದ. ಒಂದು ಕಡೆ ಬೆರಳುಗಳು ನಿಂತವು.

"ಕಾರಣ ಅಂತ ಏನಾದ್ರೂ ಹಾಕ್ಲೇಬೇಕು. ತಾಯಿಯ ಆತಂಕ ಅಂತ ಹಾಕ್ತೀನಿ. ಅದನ್ನ ಯಾರೂ ಪ್ರಶ್ನೆ ಮಾಡಲ್ಲ."

"ಹಾಕು."

ಬಾಗಿಲ ಬಳಿ ನಿಂತು ಕೇಳಿದೆ. "ಅವತ್ತು ಸರಿಯಾಗಿ ಬರಕೊಂಡಿದ್ರೆ ಅವನು ಉಳೀತಿದ್ನಾ?"

"ಗೊತ್ತಿಲ್ಲ," ಎಂದ. ಪೆಟ್ಟಿಗೆಯಲ್ಲಿದ್ದ ಒಂದು ಪುಸ್ತಕ ತೆಗೆದು ಮತ್ತೆ ಅಲ್ಲೇ ಇಟ್ಟ. "ನೋವಿನ ಮದ್ದು ಬೇಗ ಸಿಕ್ತಿತ್ತು."

ನಾನು ಎರಡು ಪುಟ ಬರೆದೆ. ಹಡಗುಕಟ್ಟೆಯವರನ್ನು ಬರೆದೆ, ನಿಂತುಹೋದ ಕೊಯ್ತಗಳನ್ನು ಬರೆದೆ, ಹಮ್ಮರ್‌ಲುಂಡನ ಪ್ರಶ್ನೆ ಯಾವ ಯಾವ ದೇಶಗಳಿಗೆ ಹೋಯಿತು ಎಂದು ಬರೆದೆ. ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: ಸೊನ್ನೆ ಎಂದವರಲ್ಲಿ ಎಷ್ಟು ಮಂದಿ ನಿಜ ಹೇಳಿದ್ದರು ಎಂಬುದು ಗೊತ್ತಿಲ್ಲ.

ಬೋಡಿಲ್ ಅದನ್ನು ತೆಗೆದಳು. "ಇದು ಬೀಳ್ಕೊಡುಗೆ ಪುಟ ಕಣೇ, ಕೋರ್ಟಲ್ಲ. ಮಿಕ್ಕಿದ್ದು ತುಂಬಾ ಚೆನ್ನಾಗಿದೆ. ನಿನ್ನ ಕೈಲಿ ಬರಿಯೋಕಾಗುತ್ತೋ ಇಲ್ಲವೋ ಅಂತ ಇದ್ದೆ." ನನ್ನ ತೋಳು ಒತ್ತಿದಳು. ಒಳ್ಳೆಯ ಹೆಂಗಸು.

ವಿದಾಯದ ಉಪನ್ಯಾಸಕ್ಕೆ ದೊಡ್ಡ ಸಭಾಂಗಣ ಸಾಲದೆ ಜನ ಮೆಟ್ಟಿಲ ಮೇಲೂ ಕೂತಿದ್ದರು. ಅವನ ವಿದ್ಯಾರ್ಥಿಗಳು, ಆ ವಿದ್ಯಾರ್ಥಿಗಳ ವಿದ್ಯಾರ್ಥಿಗಳು. ಹೊರದೇಶದವರು ಒಂದು ಸಾಲು. ಹೊರಗೆ ಹಸಿರು ಹೊದಿಕೆಯ ಕೇಕುಗಳು ಕಾಯುತ್ತಿದ್ದವು. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ.

ಅವನು ಚೆನ್ನಾಗಿ ಮಾತಾಡಿದ. ಗೋಣಿಚೀಲದ ಮಾತು ಬಂತು, ಹೆಂಡತಿಯರ ಮಾತು ಬಂತು. "ಕೇಳಿ, ಎರಡರಿಂದ ಗುಣಿಸಿ," ಎಂದ. ನಂತರ ಪರದೆಯ ಮೇಲೆ ದೊಡ್ಡದೊಂದು ಸೊನ್ನೆ ಬಂತು. ಜನ ಆಗಲೇ ಮುಗುಳ್ನಗತೊಡಗಿದ್ದರು.  ಸ್ಟೂರೆ ನೀರಿನ ಲೋಟ ಎತ್ತಿಕೊಂಡ.

"ಸೊನ್ನೆಯ ಬಗ್ಗೆ," ಎಂದು ಶುರುಮಾಡಿ, "ಸೊನ್ನೆಯ ಬಗ್ಗೆ ನಾನು ಯೋಚನೆ ಮಾಡ್ತಾ..." ಎಂದ.

ಮೇಲಿನ ಸಾಲಿನಿಂದ ಯಾರೋ ಕೂಗಿದರು, "ಹಿಡ್ಕೊಂಡ್ ಬಾ!"

"ಗಾಜಿನ ಪೆಟ್ಟಿಗೇಲಿ ಇಡೋಣ!" ಎಂದು ಇಡೀ ಸಭಾಂಗಣ ಒಂದೇ ದನಿಯಲ್ಲಿ ಹೇಳಿತು. ನಗು, ಚಪ್ಪಾಳೆ, ನೆಲಕ್ಕೆ ಕಾಲು ಬಡಿದ ಸದ್ದು. ಹೊರದೇಶದವರೂ ನಗುತ್ತಿದ್ದರು, ಅವರಿಗೂ ಅದು ಬಾಯಿಪಾಠ. ಸ್ಟೂರೆ ಕೈ ಎತ್ತಿದ. ಅದನ್ನು ಧನ್ಯವಾದ ಎಂದುಕೊಂಡು ಅವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅವನು ನೀರು ಕುಡಿದು ಮುಂದಿನ ಚಿತ್ರಕ್ಕೆ ಹೋದ. ಆಮೇಲೆ ಸೊನ್ನೆಯ ಮಾತು ಬರಲಿಲ್ಲ. ನಾನು ಕೇಕಿಗೆ ನಿಲ್ಲಲಿಲ್ಲ.

ಸಿಗ್ನೆಯ ಪರೀಕ್ಷೆಯ ಫಲಿತಾಂಶ ಬೇಸಗೆ ಕಳೆದ ಮೇಲೆ ಬಂತು. ಅವಳಿಗೂ ಇದೆ.

ಬೀಟ್ ತುಂಬಿದ ಲಾರಿಗಳ ಹಿಂದೆ ನಿಧಾನವಾಗಿ ಬಸ್ಸಿನಲ್ಲಿ ಹೋದೆವು. ಸ್ಟೂರೆಯ ಕೋಣೆಯ ಬಾಗಿಲಲ್ಲಿ ಈಗ ಬೇರೆ ಹೆಸರು. ನಮ್ಮನ್ನು ನೋಡಿದವನು ಏಸ್ಕಿಲ್ ಎಂಬ ಹುಡುಗ, ಸ್ಟೂರೆಯ ಕೊನೆಯ ವಿದ್ಯಾರ್ಥಿ. ಸಿಗ್ನೆಗೆ ಎತ್ತರದ ಕುರ್ಚಿ ತಂದುಕೊಟ್ಟ. ಏನು ತಿನ್ನಬಹುದು, ಯಾವ ಗುಳಿಗೆ ಊಟದ ಜೊತೆ ನುಂಗಬೇಕು, ಜೀವಮಾನವಿಡೀ ಏನೇನು ಎಚ್ಚರ ಬೇಕು ಎಂದು ತಾಳ್ಮೆಯಿಂದ ಹೇಳಿದ. ವಾಸಿಯಾಗುವುದಿಲ್ಲ ಎಂಬುದನ್ನೂ ಹೇಳಿದ.

"ಅಪ್ಪನಿಗೆ ಎರಡೂ ಇದ್ದಿರಬಹುದು," ಎಂದ ಪರದೆ ನೋಡುತ್ತ, ನನಗೆ ನೋವಾಗದ ಹಾಗೆ. "ಇದೂ, ಕುಡಿತಾನೂ. ಹಾಗೂ ಆಗುತ್ತೆ."

"ಅವನು ಕುಡೀತಿರ್ಲಿಲ್ಲ."

ಅವನು ತಲೆಯಾಡಿಸಿ ಬರೆದುಕೊಂಡ. ಪರದೆ ಸ್ವಲ್ಪ ನನ್ನ ಕಡೆ ತಿರುಗಿತ್ತು. 'ಪತ್ನಿ ನಿರಾಕರಿಸುತ್ತಾಳೆ.'

ಅವನು ಸಿಗ್ನೆಯ ಕಡೆ ಬಾಗಿದ. "ಹೇಳು ಪುಟ್ಟಿ, ಊಟ ಆದ್ಮೇಲೆ ಇಲ್ಲಿ, ಬೆನ್ನಿನ ಹತ್ರ, ನೋವು ಬರುತ್ತಾ?"

ಸಿಗ್ನೆ ತುಟಿ ಮುಂದೆ ಮಾಡಿ ಉಸಿರೆಳೆದುಕೊಂಡಳು.

"ಅಯ್ಯೋ, ಮುಟ್ಟೇ ಇಲ್ವಲ್ಲ, ಈಗ್ಲೇ ನೋವಾಯ್ತಾ?"

"ಹೌದು ಅಂದ್ಲು," ಎಂದೆ.

"ಅಮ್ಮ ಹೇಳೋದು ಬೇಡ, ಅವಳೇ ಹೇಳ್ಲಿ," ಎಂದು ನಗುತ್ತ ಕಾದ. ಸಿಗ್ನೆ ನನ್ನನ್ನು ನೋಡಿದಳು. ಮತ್ತೆ ಉಸಿರೆಳೆದಳು. ಅವನ ಬೆರಳುಗಳು ಕೀಲಿಮಣೆಯ ಮೇಲೆ ಸುಮ್ಮನಿದ್ದವು.

"ಬಾಯಿ ಬಿಟ್ಟು ಹೇಳು," ಎಂದೆ.

ಅವಳು ಬಾಯಿ ತೆರೆದು, ಶಿಶುವಿಹಾರದಲ್ಲಿ ಕಲಿಸಿದ ಹಾಗೆ, ಗಾಳಿಯನ್ನು ಹೊರಕ್ಕೆ ಬಿಟ್ಟು ಹೇಳಿದಳು. "ಹೌದು."

ಅವನು ಬರೆದುಕೊಂಡ.

ಈಗ ಮನೆಯಲ್ಲೂ ಅಭ್ಯಾಸ ಮಾಡಿಸುತ್ತಿದ್ದೇನೆ. ಹಾಲು ಬೇಕಾ ಎಂದು ಕೇಳುತ್ತೇನೆ. ಮರೆತಾಗ ಅವಳು ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಾಳೆ, ಥೇಟ್ ಅವನ ಹಾಗೆ. ನಾನು ಕೇಳಿಸದವಳಂತೆ ಲೋಟ ಹಿಡಿದು ನಿಂತಿರುತ್ತೇನೆ, ಅವಳು ಬಾಯಿ ಬಿಡುವ ತನಕ.